ಕಾಕನ ಮೂವತ್ತು ಕ್ವಿಂಟಲ್: ತನ್ನ ಮೇಲಿನ ಅತಿ ನಂಬಿಕೆ ಮನಸ್ಸಿಗೆ ಒಳ್ಳೆಯದಾ?

ನಮ್ಮ ಕಾಕ ಸಿರುಗುಪ್ಪ ತಾಲೂಕಿನ ಮೆಣಸಿನಕಾಯಿ ರೈತರು. ಮುಂಗಾರಿನಲ್ಲಿ ಯಾವ ವರ್ಷ ಹೋಗಿ ಕೇಳಿದರೂ ಅವರದು ಒಂದೇ ಮಾತು. "ಈ ಸಲ ಎಕರೆಗೆ ಮೂವತ್ತು ಕ್ವಿಂಟಲ್ ಬರ್ತದ ನೋಡು. ನನ್ನ ಕೈ ಬಿದ್ದ ಹೊಲ ಇದು." ಮೂವತ್ತು ಕ್ವಿಂಟಲ್ ಅವರಿಗೆ ಇದುವರೆಗೆ ಒಂದು ವರ್ಷವೂ ಬಂದಿಲ್ಲ.

2021ರಲ್ಲಿ ಇದೇ ನಂಬಿಕೆಯ ಮೇಲೆ, ಸ್ವಂತದ ನಾಲ್ಕು ಎಕರೆ ಸಾಲದೆಂದು ಇನ್ನೂ ಆರು ಎಕರೆ ಲೀಜಿಗೆ ಹಿಡಿದರು. "ಅರ್ಧಕ್ಕಾದ್ರೂ ಜೋಳ ಹಾಕ್ರಿ" ಎಂದು ಕಾಕಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವರ್ಷ ಕಪ್ಪು ಥ್ರಿಪ್ಸ್ ಎಂಬ ಹೊಸ ನುಸಿ ಆಂಧ್ರ, ತೆಲಂಗಾಣ, ನಮ್ಮ ಬಳ್ಳಾರಿ, ರಾಯಚೂರು ಭಾಗದ ಮೆಣಸಿನಕಾಯಿ ಹೊಲಗಳಿಗೆ ಬಿತ್ತು. ಹೂವಿನೊಳಗೇ ಕೂರುವ ನುಸಿ ಅದು. ಹೂವೇ ಉದುರಿದ ಮೇಲೆ ಕಾಯಿ ಎಲ್ಲಿಂದ ಬರಬೇಕು? ಗೊಬ್ಬರದ ಅಂಗಡಿಯ ಉದ್ರಿ, ಲೀಜಿನ ದುಡ್ಡು, ಕೂಲಿ, ಎಲ್ಲ ತಲೆ ಮೇಲೆ ಉಳಿಯಿತು.

ಆಮೇಲಿನ ಎರಡು ವರ್ಷ ಕಾಕನನ್ನು ನಾನು ಹತ್ತಿರದಿಂದ ನೋಡಿದೆ. ಅದೇ ಪೆಟ್ಟು ತಿಂದ ಕೆಲವರು ಹೊಲದ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಕಾಕ ಮಾತ್ರ ಬೆಳಗ್ಗೆ ಐದಕ್ಕೆ ಎದ್ದು ಹೊರಡುತ್ತಿದ್ದರು. ಅದೇನು ಅಷ್ಟು ಧೈರ್ಯ ಎಂದು ಕೇಳಿದರೆ, "ನನ್ನ ಕೈ ಬಿದ್ದ ಹೊಲ ಅದು" ಎನ್ನುತ್ತಿದ್ದರು. ಅವರನ್ನು ಸಾಲಕ್ಕೆ ನೂಕಿದ ಮಾತೇ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಹಾಗಾದರೆ ತನ್ನ ಬಗ್ಗೆ ಇರುವುದಕ್ಕಿಂತ ಜಾಸ್ತಿ ನಂಬುವುದು ಮನಸ್ಸಿಗೆ ಒಳ್ಳೆಯದಾ, ಕೆಟ್ಟದ್ದಾ? ಮನಶ್ಶಾಸ್ತ್ರಜ್ಞರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಪ್ರಶ್ನೆಯ ಮೇಲೆ ಜಗಳವಾಡಿದ್ದಾರೆ. ಆ ಜಗಳವನ್ನು ಓದಿದ ಮೇಲೆ ನನಗೆ ಕಾಕ ಸ್ವಲ್ಪ ಅರ್ಥವಾದರು. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಎಲ್ಲರೂ ಒಪ್ಪಿದ್ದ ಮಾತು ಬೇರೆಯೇ ಇತ್ತು. ಮಾನಸಿಕ ಆರೋಗ್ಯ ಎಂದರೆ ಏನೇನು ಎಂದು ಮರಿ ಯಾಹೋಡಾ 1958ರಲ್ಲಿ ಒಂದು ಪುಸ್ತಕ ಬರೆದರು. ಇರುವುದನ್ನು ಇದ್ದ ಹಾಗೆ ಕಾಣುವುದು ಆರೋಗ್ಯದ ಒಂದು ಲಕ್ಷಣ ಎಂಬುದು ಅದರಲ್ಲಿತ್ತು. ಯಾರಿಗಾದರೂ ಸರಿ ಅನ್ನಿಸುವ ಮಾತೇ, ಅಲ್ವಾ? ಇಲ್ಲದ್ದನ್ನು ಕಾಣುವವನನ್ನು ನಾವು ಆರೋಗ್ಯವಂತ ಅನ್ನುವುದಿಲ್ಲ.

1988ರಲ್ಲಿ ಅಮೆರಿಕದ ಶೆಲ್ಲಿ ಟೇಲರ್ ಮತ್ತು ಜೊನಾಥನ್ ಬ್ರೌನ್ ಇದನ್ನು ತಲೆಕೆಳಗು ಮಾಡಿದರು. ಆರೋಗ್ಯವಾಗಿರುವ ಸಾಮಾನ್ಯ ಜನ ತಮ್ಮನ್ನು ಇದ್ದ ಹಾಗೆ ಕಾಣುವುದೇ ಇಲ್ಲ ಎಂದರು. ಅವರು ಮೂರು ಭ್ರಮೆಗಳನ್ನು ಗುರುತಿಸಿದರು. ನಾನು ಉಳಿದವರಿಗಿಂತ ಮೇಲು. ಎಲ್ಲ ನನ್ನ ಕೈಯಲ್ಲಿದೆ. ನನ್ನ ನಾಳೆ ಉಳಿದವರ ನಾಳೆಗಿಂತ ಚೆನ್ನಾಗಿರುತ್ತದೆ. ಈ ಮೂರೂ ಸಂತೋಷಕ್ಕೆ, ದುಡಿಯುವ ಹುರುಪಿಗೆ, ಬೇರೆಯವರ ಮೇಲಿನ ಅಕ್ಕರೆಗೆ ನೆರವಾಗುತ್ತವೆ ಎಂದು ವಾದಿಸಿದರು.

ಟೇಲರ್ ಈ ವಿಚಾರಕ್ಕೆ ಬಂದದ್ದು ಸ್ತನ ಕ್ಯಾನ್ಸರ್ ಆದ ಹೆಂಗಸರ ಜೊತೆ ಕೂತು ಮಾತಾಡಿದ ಮೇಲೆ. ಅವರಲ್ಲಿ ಎಷ್ಟೋ ಜನ, ಕಾಯಿಲೆ ಮತ್ತೆ ಬರದ ಹಾಗೆ ತಾವೇ ತಡೆಯಬಲ್ಲೆವು ಎಂದು ನಂಬಿದ್ದರು. ತಮಗಿಂತ ಕಷ್ಟದಲ್ಲಿರುವವರನ್ನು ನೆನೆದು, ನಾನು ಅವರಿಗಿಂತ ಚೆನ್ನಾಗಿ ನಿಭಾಯಿಸುತ್ತಿದ್ದೇನೆ ಎನ್ನುತ್ತಿದ್ದರು. ಆ ನಂಬಿಕೆ ಎಷ್ಟು ನಿಜ ಎಂಬುದು ಬೇರೆ ಮಾತು. ಅದರಿಂದ ಅವರ ದಿನ ಸಾಗುತ್ತಿತ್ತು. ಇದನ್ನು ಓದುವಾಗ ನನಗೆ ಬೆಳಗಿನ ಐದು ಗಂಟೆಯ ಕಾಕ ಕಣ್ಣ ಮುಂದೆ ಬಂದರು.

ಈ ಮೂರು ಭ್ರಮೆ ಎಷ್ಟು ಸಾಮಾನ್ಯ ಎಂದರೆ, ಹುಡುಕಿಕೊಂಡು ಹೋಗಬೇಕಿಲ್ಲ. ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಗಾಡಿ ಓಡಿಸುವುದರಲ್ಲಿ ಗುಂಪಿನ ಮೇಲಿನ ಅರ್ಧದಲ್ಲಿ ತಾವಿದ್ದೇವೆ ಎಂದವರು ಅಮೆರಿಕದಲ್ಲಿ 93%, ಸ್ವೀಡನ್ನಿನಲ್ಲಿ 69%. ಮೇಲಿನ ಅರ್ಧದಲ್ಲಿ ಅರ್ಧದಷ್ಟೇ ಜನ ಇರಲು ಸಾಧ್ಯ. ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ನಿಂತು ಬೈಕ್ ಸವಾರರನ್ನು ಕೇಳಿದರೂ ತೀರಾ ಬೇರೆ ಉತ್ತರ ಬರಲಿಕ್ಕಿಲ್ಲ ಎಂದು ನನ್ನ ಅನಿಸಿಕೆ. ಎಲೆನ್ ಲ್ಯಾಂಗರ್ 1975ರಲ್ಲಿ ಒಂದು ಡಾಲರಿನ ಲಾಟರಿ ಟಿಕೆಟ್ ಮಾರಿ ನೋಡಿದರು. ಟಿಕೆಟನ್ನು ತಾವೇ ಆರಿಸಿಕೊಂಡವರು ಅದನ್ನು ವಾಪಸ್ ಮಾರಲು ಸರಾಸರಿ 8.67 ಡಾಲರ್ ಕೇಳಿದರು. ಕೊಟ್ಟದ್ದನ್ನು ತೆಗೆದುಕೊಂಡವರು ಕೇಳಿದ್ದು 1.96 ಡಾಲರ್. ನಂಬರಿಗೆ ತಮ್ಮ ಕೈ ತಾಗಿದರೆ ಅದೃಷ್ಟವೂ ಬದಲಾಗುತ್ತದೆ ಎಂಬ ಹಾಗೆ. ನನ್ನ ಕೈ ಬಿದ್ದ ಹೊಲ ಎಂಬುದೂ ಇದೇ ಜಾತಿಯ ಮಾತು.

ಇದಕ್ಕೆ ಜೊತೆಯಾಗಿ ಇನ್ನೊಂದು ಸುದ್ದಿ ಬಹಳ ಓಡಾಡಿತು. ಲಾರೆನ್ ಅಲಾಯ್ ಮತ್ತು ಲಿನ್ ಅಬ್ರಾಮ್ಸನ್ 1979ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಗುಂಡಿ ಒತ್ತಲು ಹೇಳಿದರು. ಒತ್ತಿದಾಗ ಹಸಿರು ದೀಪ ಕೆಲವೊಮ್ಮೆ ಹತ್ತುತ್ತಿತ್ತು, ಕೆಲವೊಮ್ಮೆ ಇಲ್ಲ. ದೀಪ ಎಷ್ಟರ ಮಟ್ಟಿಗೆ ನಿಮ್ಮ ಹಿಡಿತದಲ್ಲಿದೆ ಎಂದು ಕೇಳಿದಾಗ ಖಿನ್ನತೆಯ ಲಕ್ಷಣ ಇದ್ದವರು ಹೆಚ್ಚು ಸರಿಯಾಗಿ ಹೇಳಿದರು. ಇಲ್ಲದವರು ತಮ್ಮ ಹಿಡಿತವನ್ನು ಜಾಸ್ತಿ ಮಾಡಿ ಹೇಳಿದರು. ದುಃಖಿಗಳೇ ಸತ್ಯ ಕಾಣುತ್ತಾರೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಈ ಮಾತನ್ನು ನಾನೂ ಬಹಳ ದಿನ ನಂಬಿದ್ದೆ. ಈಗ ನಂಬುವುದಿಲ್ಲ. ನಂತರದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2012ರಲ್ಲಿ ಲೆಕ್ಕ ಹಾಕಿದಾಗ ಆ ವ್ಯತ್ಯಾಸ ತೀರಾ ಸಣ್ಣದು ಎಂದು ತಿಳಿಯಿತು. 2022ರಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಆ ಫಲಿತಾಂಶ ಸಿಗಲೇ ಇಲ್ಲ. ಖಿನ್ನತೆಯಲ್ಲಿ ಇರುವವರಿಗೆ ಕಾಣುವುದು ಸತ್ಯವಲ್ಲ. ನಾನು ಯಾತಕ್ಕೂ ಬಾರದವನು ಎಂದು ಮನಸ್ಸು ಹೇಳುವಾಗ ಅದೂ ಒಂದು ತಪ್ಪು ತೂಕವೇ. ಇದನ್ನು ಒತ್ತಿ ಹೇಳಲೇಬೇಕು. ಏಕೆಂದರೆ ಆ ಸ್ಥಿತಿಯಲ್ಲಿರುವ ಎಷ್ಟೋ ಜನ, ಈಗಲೇ ನನಗೆ ಕಣ್ಣು ಬಿಟ್ಟಿದೆ ಎಂದುಕೊಂಡು ಸುಮ್ನೆ ಕೂರುತ್ತಾರೆ.

ಟೇಲರ್ ಮಾತಿಗೆ ದೊಡ್ಡ ವಿರೋಧ ಬಂದದ್ದು 1994ರಲ್ಲಿ, ರ‍್ಯಾಂಡಲ್ ಕಾಲ್ವಿನ್ ಮತ್ತು ಜ್ಯಾಕ್ ಬ್ಲಾಕ್ ಅವರಿಂದ. ಅವರ ತಕರಾರು ಸರಳ. ನೀವು ಜನರನ್ನೇ ಕೇಳಿ ಅವರ ಭ್ರಮೆ ಅಳೆಯುತ್ತೀರಿ. ಮತ್ತೆ ಅವರನ್ನೇ ಕೇಳಿ ಅವರ ಸುಖವನ್ನೂ ಅಳೆಯುತ್ತೀರಿ. ತನ್ನ ಬಗ್ಗೆ ಉಬ್ಬಿಸಿ ಹೇಳುವವನು ತನ್ನ ಸುಖವನ್ನೂ ಉಬ್ಬಿಸಿಯೇ ಹೇಳುತ್ತಾನೆ ತಾನೆ? ಮುಂದಿನ ವರ್ಷ ಅವರು ಇನ್ನೊಂದು ದಾರಿ ಹಿಡಿದರು. ವ್ಯಕ್ತಿ ತನ್ನ ಬಗ್ಗೆ ಹೇಳಿದ್ದನ್ನು ಅವನನ್ನು ಬಲ್ಲ ಸ್ನೇಹಿತರು, ಪರೀಕ್ಷಕರು ಹೇಳಿದ್ದರ ಜೊತೆ ಇಟ್ಟು ನೋಡಿದರು. ಉಬ್ಬಿಸಿಕೊಳ್ಳುವವರಿಗೆ ಜನರ ಜೊತೆ ಹೊಂದಿಕೊಳ್ಳುವುದು ಕಷ್ಟ, ಮನಸ್ಸಿನ ನೆಮ್ಮದಿಯೂ ಕಡಿಮೆ ಎಂದು ಕಂಡಿತು.

ಕೆನಡಾದ ಡೆಲ್ರಾಯ್ ಪೌಲ್ಹಸ್ 1998ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹೊಂದುತ್ತದೆ. ಪರಿಚಯವೇ ಇಲ್ಲದವರ ಗುಂಪುಗಳನ್ನು ಮಾಡಿ ಏಳು ಸಲ ಸೇರಿಸಿದರು. ತಮ್ಮನ್ನು ಹೆಚ್ಚು ತೂಗಿಕೊಳ್ಳುವವರು ಮೊದಲ ದಿನ ಎಲ್ಲರಿಗೂ ಇಷ್ಟವಾದರು. ಬುದ್ಧಿವಂತರು, ಧೈರ್ಯದವರು ಎನಿಸಿಕೊಂಡರು. ಏಳನೆಯ ಸಲಕ್ಕೆ ಅದೇ ಜನರಿಗೆ ಅವರು ಬೇಸರ ತರಿಸಿದ್ದರು. ಹೊಸ ಅಳಿಯನ ಬಗ್ಗೆ ಊರಿನ ಹಿರಿಯರು ಮೊದಲ ಹಬ್ಬಕ್ಕೆ ಹೇಳುವ ಮಾತಿಗೂ ಮೂರನೆಯ ಹಬ್ಬಕ್ಕೆ ಹೇಳುವ ಮಾತಿಗೂ ಇರುವ ವ್ಯತ್ಯಾಸ ಇದೇ ಇರಬೇಕು.

ಇಲ್ಲಿಗೆ ಎರಡು ಗುಂಪು ಆಯಿತು. ಒಳ್ಳೆಯದು ಅನ್ನುವವರು, ಕೆಟ್ಟದ್ದು ಅನ್ನುವವರು. ಆದರೆ ನನಗೆ ಬಹಳ ಮುಖ್ಯ ಅನ್ನಿಸಿದ್ದು ಈ ಜಗಳದೊಳಗೆ ಅಡಗಿದ್ದ ಒಂದು ಲೆಕ್ಕದ ಗೊಂದಲ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ದ್ವಿತೀಯ ಪಿಯುಸಿಯ ಮೂವರು ಹುಡುಗಿಯರನ್ನು ನೆನೆಯಿರಿ. ವಿಷಯ ಗಣಿತ. ಮೊದಲನೆಯವಳಿಗೆ 80 ಅಂಕ ಬರುವಷ್ಟು ಗೊತ್ತು. ತನಗೆ 80 ಬರುತ್ತದೆ ಎಂದೇ ಅವಳ ನಂಬಿಕೆ. ಎರಡನೆಯವಳಿಗೆ 60 ಬರುವಷ್ಟು ಗೊತ್ತು, ಆದರೆ 80 ಬರುತ್ತದೆ ಎಂದು ನಂಬಿದ್ದಾಳೆ. ಮೂರನೆಯವಳಿಗೂ 60 ಬರುವಷ್ಟೇ ಗೊತ್ತು, ಅವಳ ನಂಬಿಕೆಯೂ 60. ಅತಿ ನಂಬಿಕೆ ಒಳ್ಳೆಯದು ಎಂದು ತೋರಿಸಲು ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಎರಡನೆಯವಳನ್ನು ಮೂರನೆಯವಳ ಪಕ್ಕ ನಿಲ್ಲಿಸುತ್ತೇವೆ. ಎರಡನೆಯವಳು ಹೆಚ್ಚು ಖುಷಿಯಾಗಿದ್ದಾಳೆ, ನೋಡಿ, ಭ್ರಮೆಯಿಂದ ಲಾಭ ಎನ್ನುತ್ತೇವೆ.

ಆದರೆ ಅವಳಲ್ಲಿ ಎರಡು ಸಂಗತಿ ಒಟ್ಟಿಗೆ ಇವೆ. ಒಂದು, ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ, ಅಂದರೆ ಆ 80. ಇನ್ನೊಂದು, ನಿಜಕ್ಕಿಂತ ಮೇಲೆ ಇರುವ 20 ಅಂಕದ ಉಬ್ಬು. ಖುಷಿ ಯಾವುದರಿಂದ ಬಂತು? ಗೊತ್ತಾಗಬೇಕಾದರೆ ಎರಡನೆಯವಳನ್ನು ಮೊದಲನೆಯವಳ ಪಕ್ಕ ನಿಲ್ಲಿಸಬೇಕು. ಉಬ್ಬಿನಿಂದಲೇ ಲಾಭವಾದರೆ ಎರಡನೆಯವಳು ಮೊದಲನೆಯವಳಿಗಿಂತಲೂ ಚೆನ್ನಾಗಿರಬೇಕು. ಒಳ್ಳೆಯ ಅಭಿಪ್ರಾಯದಿಂದ ಲಾಭವಾದರೆ ಇಬ್ಬರೂ ಸಮ ಇರಬೇಕು.

ಜರ್ಮನಿಯ ಸಾರಾ ಹುಂಬರ್ಗ್ ಮತ್ತು ಜೊತೆಯವರು 2019ರಲ್ಲಿ ಬುದ್ಧಿಶಕ್ತಿಯ ವಿಚಾರದಲ್ಲಿ ಇದೇ ಬಗೆಯ ಪರೀಕ್ಷೆ ಮಾಡಿದರು. ಜನರ ನಿಜವಾದ ಬುದ್ಧಿಶಕ್ತಿ, ಅವರು ನಂಬಿರುವ ಬುದ್ಧಿಶಕ್ತಿ, ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಂಡರು. ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಇರುವವರು ನೆಮ್ಮದಿಯಾಗಿದ್ದರು. ಉಬ್ಬು ಇದ್ದುದರಿಂದ ಬೇರೆಯಾಗಿ ಏನೂ ಹೆಚ್ಚು ಲಾಭ ಕಾಣಲಿಲ್ಲ. ಅಂದರೆ ಎಷ್ಟೋ ವರ್ಷ ಭ್ರಮೆಯ ಹೆಸರಿಗೆ ಜಮಾ ಆದ ಒಳ್ಳೆಯದರಲ್ಲಿ ಬಹುಪಾಲು ಭ್ರಮೆಯದ್ದಲ್ಲ. ಅದು ತನ್ನ ಮೇಲೆ ತನಗಿರುವ ಗೌರವದ್ದು.

ನೀವು ಕೇಳಬಹುದು. 60ರ ಹುಡುಗಿ 80ರ ಗೌರವ ಇಟ್ಟುಕೊಳ್ಳಬೇಕಾದರೆ ಉಬ್ಬಿಸಿಕೊಳ್ಳದೆ ಬೇರೆ ದಾರಿ ಇದೆಯಾ? ಇದು ಸರಿಯಾದ ಪ್ರಶ್ನೆ. ಇವತ್ತಿನ ಮಟ್ಟಿಗೆ ಅವಳ ಮನಸ್ಸು ಹಗುರ ಇರುತ್ತದೆ, ನಿಜ. 2019ರಲ್ಲೇ ಮೈಕೆಲ್ ಡುಫ್ನರ್ ಮತ್ತು ಜೊತೆಯವರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿ ನೋಡಿದಾಗಲೂ, ತಮ್ಮನ್ನು ಮೇಲೆ ತೂಗಿಕೊಳ್ಳುವವರು ತಮ್ಮ ಮಟ್ಟಿಗೆ ನೆಮ್ಮದಿಯಾಗಿಯೇ ಇದ್ದರು. ಆದರೆ ಫಲಿತಾಂಶದ ದಿನ ಬರುತ್ತದಲ್ಲ? ರಿಚರ್ಡ್ ರಾಬಿನ್ಸ್ ಮತ್ತು ಜೆನಿಫರ್ ಬೀರ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಕಾಲೇಜು ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ತಮ್ಮ ಓದಿನ ಶಕ್ತಿಯನ್ನು ಹೆಚ್ಚು ತೂಗಿಕೊಂಡವರು ಮೊದಲಿಗೆ ಖುಷಿಯಾಗಿದ್ದರು. ಅದರಿಂದ ಅವರಿಗೆ ಜಾಸ್ತಿ ಅಂಕ ಬರಲಿಲ್ಲ. ವರ್ಷ ಕಳೆದಂತೆ ಓದು ನನಗೆ ಅಷ್ಟು ಮುಖ್ಯವೇ ಅಲ್ಲ ಎಂದು ಅದರಿಂದ ದೂರ ಸರಿದರು. ಆತ್ಮಗೌರವವೂ ಇಳಿಯುತ್ತಾ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯಲ್ಲಿ ಕೊನೆಗೆ ಕುಣಿತವೇ ನಿಂತುಹೋಗುವುದನ್ನು ಹೇಳಿಲ್ಲ. ಇಲ್ಲಿ ಆಗಿದ್ದು ಅದು.

ಹಾಗಾದರೆ ದುರಂತದ ಸಮಯದಲ್ಲಿ? ಅಲ್ಲಿ ಚಿತ್ರ ಬದಲಾಗುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ದಿನ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರಗಳಲ್ಲಿ, ಅವುಗಳ ಹತ್ತಿರ ಇದ್ದು ಬದುಕಿ ಉಳಿದವರನ್ನು ಜಾರ್ಜ್ ಬೊನಾನೊ ತಂಡ ಅಧ್ಯಯನ ಮಾಡಿತು. ತಮ್ಮನ್ನು ಮೇಲೆ ತೂಗಿಕೊಳ್ಳುವವರಲ್ಲಿ ಆಘಾತದ ಲಕ್ಷಣ, ಖಿನ್ನತೆ ಕಡಿಮೆ ಇದ್ದವು. ಆದರೆ ಅವರ ಸ್ನೇಹಿತರು, ನೆಂಟರು ಅವರ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಿಲ್ಲ. ಅವರ ಪ್ರಾಮಾಣಿಕತೆಯೂ ಕಡಿಮೆ ಎಂದರು. ತನಗೆ ಕವಚವಾದದ್ದು ಪಕ್ಕದವರಿಗೆ ಚುಚ್ಚುತ್ತಿತ್ತು. ನಮ್ಮ ಕಾಕಿಯನ್ನು ಕೇಳಿದರೆ ಇದು ಅವರಿಗೆ ಹೊಸ ವಿಷಯ ಅನ್ನಿಸಲಿಕ್ಕಿಲ್ಲ. 2021ರ ಸಾಲ ತೀರಿಸಲು ಅವರ ಕೊರಳ ಸರವೂ ಹೋಗಿದೆ.

ಈಗ ಒಂದು ಎಳೆ ಸಿಗುತ್ತದೆ. ಅತಿ ನಂಬಿಕೆ ಒಳ್ಳೆಯದಾ ಎಂದು ಕೇಳುವ ಬದಲು ಯಾವಾಗ ಎಂದು ಕೇಳಬೇಕು. ಪೀಟರ್ ಗೋಲ್ವಿಟ್ಸರ್ 1989ರಲ್ಲಿ ರೊನಾಲ್ಡ್ ಕಿನ್ನಿ ಜೊತೆ, 1995ರಲ್ಲಿ ಟೇಲರ್ ಜೊತೆಗೇ ಸೇರಿ ಇದನ್ನು ಪರೀಕ್ಷಿಸಿದರು. ಮಾಡಲೋ ಬೇಡವೋ ಎಂದು ತೂಗುತ್ತಿರುವಾಗ ಜನರ ಭ್ರಮೆ ಕಡಿಮೆ ಇರುತ್ತದೆ. ಒಮ್ಮೆ ತೀರ್ಮಾನವಾಗಿ, ಹೇಗೆ ಮಾಡುವುದು ಎಂಬ ಯೋಜನೆಗೆ ಇಳಿದರೆ ಭ್ರಮೆ ಏರುತ್ತದೆ. ನನಗೆ ಇದು ಬಹಳ ಹಿಡಿಸಿತು. ಮನಸ್ಸಿಗೆ ಎರಡು ಕಾಲ ಗೊತ್ತಿದೆ. ಹೊಲ ಲೀಜಿಗೆ ಹಿಡಿಯುವ ಮುಂಚಿನ ಕಾಲ ಲೆಕ್ಕದ್ದು. ಸಸಿ ಹಚ್ಚಿದ ಮೇಲಿನ ಕಾಲ ಧೈರ್ಯದ್ದು. ಕಾಕ 2021ರಲ್ಲಿ ಎಡವಿದ್ದು ಲೆಕ್ಕದ ಕಾಲಕ್ಕೆ ಧೈರ್ಯವನ್ನು ತಂದಿದ್ದರಿಂದ.

ಧೈರ್ಯದ ಕಾಲ ಎಂದರೇನು ಎಂದು 2024ರ ಆಗಸ್ಟಿನಲ್ಲಿ ನಮ್ಮ ಭಾಗದವರೆಲ್ಲ ಕಂಡಿದ್ದಾರೆ. 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಕೂಡಿಟ್ಟ ನೀರು ಕಣ್ಣೆದುರೇ ಹರಿದು ಹೋಗುತ್ತಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿಯ ಕಾಲುವೆ ಕೆಳಗಿನ ಯಾವ ಮನೆಯಲ್ಲೂ ಬೇರೆ ಮಾತಿರಲಿಲ್ಲ. ಕಾಕ ಆ ವಾರವೂ ಹೊಲಕ್ಕೆ ಹೋಗಿ ಕಳೆ ತೆಗೆಸಿದರು. "ನೀರು ಬರ್ತದ" ಎಂದರು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಗೇಟಿನ ಜಾಗ ಮುಚ್ಚಿದರು. ಆಮೇಲೆ ಮಳೆಯೂ ಕೈ ಹಿಡಿಯಿತು. ಕಾಕನ ನಂಬಿಕೆಯಿಂದ ನೀರು ಬರಲಿಲ್ಲ. ಎಂಜಿನಿಯರ್‌ಗಳಿಂದ, ಕೆಲಸಗಾರರಿಂದ, ಮಳೆಯಿಂದ ಬಂತು. ಆದರೆ ನೀರು ಬಂದಾಗ ಹೊಲದಲ್ಲಿ ಗಿಡ ಚೆನ್ನಾಗಿ ಇದ್ದದ್ದು ಆ ನಂಬಿಕೆಯಿಂದ.

ಇನ್ನೊಂದು ಎಚ್ಚರವನ್ನೂ ಹೇಳಬೇಕು. ಈಗ ಕೋಚಿಂಗ್ ಸೆಂಟರ್ ಗೋಡೆಯಿಂದ ವಾಟ್ಸಾಪ್ ಸ್ಟೇಟಸ್‌ವರೆಗೆ ಎಲ್ಲೆಲ್ಲೂ, ನಾನು ಗೆದ್ದೇ ಗೆಲ್ಲುತ್ತೇನೆ ಎಂದು ದಿನಾ ಹೇಳಿಕೊಳ್ಳಿ ಎಂಬ ಸಲಹೆ ಇದೆ. ಕೆನಡಾದ ಜೋಆನ್ ವುಡ್ ತಂಡ 2009ರಲ್ಲಿ ಇದನ್ನು ಪರೀಕ್ಷಿಸಿತು. ನಾನು ಪ್ರೀತಿಗೆ ಯೋಗ್ಯ ವ್ಯಕ್ತಿ ಎಂಬ ಮಾತನ್ನು ಮತ್ತೆ ಮತ್ತೆ ಹೇಳಿಸಿದರು. ಆತ್ಮಗೌರವ ಮೊದಲೇ ಇದ್ದವರಿಗೆ ಸ್ವಲ್ಪ ಹಿತವಾಯಿತು. ಇಲ್ಲದವರಿಗೆ ಇದ್ದ ಮನಸ್ಸೂ ಕೆಟ್ಟಿತು. ಬಾಯಿ ಒಂದು ಹೇಳಿದರೆ ಒಳಗಿನ ಮನಸ್ಸು ಎದುರು ಸಾಕ್ಷಿ ಎತ್ತಿ ತೋರಿಸುತ್ತದೆ. ಯಾರಿಗೆ ಇದು ಹೆಚ್ಚು ಬೇಕೋ ಅವರಿಗೇ ಇದು ಒಗ್ಗುವುದಿಲ್ಲ. ಮನೆಯಲ್ಲಿ ಮಂಕಾಗಿ ಕೂತ ಮಗನಿಗೆ "ಪಾಸಿಟಿವ್ ಆಗಿರು" ಎಂದು ದಿನಾ ಹೇಳುವ ತಂದೆತಾಯಿ ಇದನ್ನು ದಯವಿಟ್ಟು ಗಮನಿಸಬೇಕು.

ಅತಿ ನಂಬಿಕೆಯೇ ಕಾಯಿಲೆಯ ಗುರುತಾಗುವುದೂ ಉಂಟು. ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತದಲ್ಲಿ ಮನುಷ್ಯ ತನ್ನಿಂದ ಆಗದ್ದು ಏನೂ ಇಲ್ಲ ಅನ್ನುತ್ತಾನೆ. ರಾತ್ರಿ ಎರಡು ಮೂರು ತಾಸು ಮಲಗಿದರೂ ದಣಿವಿಲ್ಲ. ಮಾತು ನಿಲ್ಲುವುದಿಲ್ಲ. ಇದ್ದಬದ್ದ ದುಡ್ಡನ್ನೆಲ್ಲ ಖರ್ಚು ಮಾಡುತ್ತಾನೆ. ಮೊದಲು ಹಾಗಿರದವರು ಕೆಲವೇ ದಿನಗಳಲ್ಲಿ ಹೀಗೆ ಬದಲಾದರೆ ಅದು ಹುರುಪಲ್ಲ, ವೈದ್ಯರಿಗೆ ತೋರಿಸಬೇಕು. ಈ ವಿಚಾರದಲ್ಲಿ ನಮ್ಮ ಜಿಲ್ಲೆಗೆ ಒಂದು ದೊಡ್ಡ ಹೆಸರಿದೆ, ಇಲ್ಲಿಯವರಿಗೇ ಅಷ್ಟು ಗೊತ್ತಿಲ್ಲ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರ ತಂದಿತು. ಅದೇ ಬಳ್ಳಾರಿ ಮಾದರಿ ಎಂದು ಹೆಸರಾಗಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಈಗ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿಯೂ ಇದೆ. ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು.

ಕಾಕನ ವಿಷಯಕ್ಕೆ ಮತ್ತೆ ಬರುತ್ತೇನೆ. ಅವರ ನಂಬಿಕೆಯನ್ನು ಇಳಿಸಲು ಯಾರೂ ಹೋಗಲಿಲ್ಲ, ಹೋಗಬಾರದು ಎಂದೇ ನನ್ನ ಅಭಿಪ್ರಾಯ. ಕಾಕಿ ಬೇರೆ ಕೆಲಸ ಮಾಡಿದರು. ಬ್ಯಾಡಗಿ ಮಾರ್ಕೆಟ್‌ನಿಂದ ಬಂದ ತೂಕದ ಚೀಟಿಗಳನ್ನು ಅವರು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾರೆ. ಹೋದ ಮುಂಗಾರಿಗೆ ಕಾಕ ಮತ್ತೆ ಆರು ಎಕರೆ ಲೀಜಿನ ಮಾತು ತೆಗೆದಾಗ, ಕಾಕಿ ಡಬ್ಬಿ ತಂದು ಚೀಟಿಗಳನ್ನು ಚಾಪೆ ಮೇಲೆ ಸಾಲಾಗಿ ಇಟ್ಟರು. ನನ್ನನ್ನು ಕೂರಿಸಿ ಎಕರೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿಸಿದರು. 18, 22, 15, 2021ರ 3, ಆಮೇಲೆ 17, 19. ಸರಾಸರಿ ಹದಿನಾರರ ಹತ್ತಿರ. ಕಾಕ ಬಹಳ ಹೊತ್ತು ಆ ಮೂರರ ಚೀಟಿಯನ್ನೇ ನೋಡಿದರು. ಏನೂ ಹೇಳದೆ ಹೊರಗೆ ಹೋದರು. ಮರುದಿನ ಎರಡು ಎಕರೆ ಮಾತ್ರ ಹಿಡಿದರು. ಅದರಲ್ಲಿ ಅರ್ಧ ಜೋಳ.

ಸಸಿ ಹಚ್ಚಿದ ದಿನ ನಾನೂ ಅಲ್ಲಿದ್ದೆ. ಬದುವಿನ ಮೇಲೆ ಬುತ್ತಿ ಬಿಚ್ಚುವಾಗ ಕಾಕ, "ಈ ಸಲ ಮೂವತ್ತು ನೋಡು" ಎಂದರು. ನಾನು ಕಾಕಿಯ ಮುಖ ನೋಡಿದೆ. ಅವರು ಕಾಕನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾ, "ಬರ್ತದ, ಬರ್ತದ, ಮೊದ್ಲು ಉಣ್ರಿ" ಎಂದರು.